ಕಮ್ಮಿ ಖರ್ಚಿನಲ್ಲಿ ಬಂಡೆ ಹತ್ತುವ ಬಗ್ಗಿ: ಹಳೇ ಜಿಪ್ಸಿಯಿಂದ ಕಟ್ಟುವ ಬಗೆ

ಬಂಡೆ ಹತ್ತುವ ಬಗ್ಗಿ, ಅಂದರೆ ಬಾಡಿ ಕಿತ್ತು ಪೈಪ್ ಪಂಜರ ಹಾಕಿದ ಗಾಡಿ, ಕಟ್ಟಬೇಕು ಅಂದುಕೊಂಡವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಎಷ್ಟು ಸಿಸಿ, ಎಷ್ಟು ಕುದುರೆ ಶಕ್ತಿ, ಟರ್ಬೊ ಹಾಕಬಹುದಾ? ಬಂಡೆ ಮೇಲೆ ಇದ್ಯಾವುದೂ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಬೇಕಾಗುವುದು ನಡೆಯುವವನಿಗಿಂತ ನಿಧಾನವಾಗಿ, ಎಂಜಿನ್ ಆಫ್ ಆಗದ ಹಾಗೆ ಹೋಗುವ ಗೇರು. ಜೊತೆಗೆ ಹಿಡಿತ ಬಿಡದ ಟೈರು, ಗಾಡಿ ಮಗುಚಿದರೆ ತಲೆ ಉಳಿಸುವ ಪಂಜರ. ದುಡ್ಡು ಕಮ್ಮಿ ಇದ್ದರೆ ಈ ಮೂರಕ್ಕೇ ಹಾಕಿ. ಎಂಜಿನ್‌ಗೆ ಒಂದು ಒಳ್ಳೆ ಸರ್ವಿಸ್ ಸಾಕು.

ಅಮೆರಿಕದ ಮೋಆಬ್, ಜಾನ್ಸನ್ ವ್ಯಾಲಿಯಂಥ ಜಾಗಗಳಲ್ಲಿ ಈ ಆಟಕ್ಕೆ ಲಕ್ಷಾಂತರ ಡಾಲರ್ ಸುರಿಯುವವರಿದ್ದಾರೆ. ಅದೇ ಊರುಗಳಲ್ಲಿ ಜೇಬು ಹಗುರ ಇರುವವರು ಬಹಳ ಕಾಲದಿಂದ ನೆಚ್ಚಿಕೊಂಡಿರುವುದು ಸುಜುಕಿ ಸಮುರಾಯ್ ಎಂಬ ಪುಟ್ಟ ಜೀಪು. ನಮ್ಮ ಮಾರುತಿ ಜಿಪ್ಸಿ ಅದರ ಒಡಹುಟ್ಟು. ಹಾಗಾಗಿ ಸಮುರಾಯ್‌ಗೆ ಅಲ್ಲಿ ಕಂಡುಕೊಂಡ ಉಪಾಯಗಳು, ತಯಾರಾದ ಗೇರ್ ಸೆಟ್‌ಗಳು ಬಹುಪಾಲು ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಈ ಲೇಖನ ಜಿಪ್ಸಿಯನ್ನೇ ಹಿಡಿದು ಹೋಗುತ್ತದೆ.

ಗಾಡಿಗಿಂತ ಮೊದಲು ಜಾಗ

ಬಾಡಿ ಕಿತ್ತು ಪೈಪ್ ಪಂಜರ ಹಾಕಿದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಹಾಗಾಗಿ ಬಗ್ಗಿಯನ್ನು ಕ್ಯಾಂಟರ್ ಅಥವಾ ಟೋಯಿಂಗ್ ಗಾಡಿಯ ಮೇಲೆ ಹೇರಿಕೊಂಡೇ ಹೋಗಬೇಕು. ಆ ಬಾಡಿಗೆಯನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಗಾಡಿಯನ್ನು ಪೂರ್ತಿ ಬಿಚ್ಚಿ, ಇನ್ನು ಅದು ರಸ್ತೆ ಕಾಣುವುದಿಲ್ಲ ಅಂತಾದರೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಿಕೊಳ್ಳಿ. 55ನೇ ಸೆಕ್ಷನ್ ಇದಕ್ಕೆ 14 ದಿನದ ಗಡುವು ಹೇಳುತ್ತದೆ.

ಬಂಡೆಗೆ ಕರ್ನಾಟಕದಲ್ಲಿ ಬರವಿಲ್ಲ. ರಾಮನಗರ, ತುಮಕೂರು, ಕೋಲಾರ, ಹಂಪಿ, ಎಲ್ಲಿ ನೋಡಿದರೂ ಕಲ್ಲೇ. ಹಾಗಂತ ಕಂಡ ಕಲ್ಲಿಗೆಲ್ಲ ಗಾಡಿ ಹತ್ತಿಸುವಂತಿಲ್ಲ. ಹಂಪಿ ವಿಶ್ವ ಪರಂಪರೆಯ ತಾಣ. ರಾಮದೇವರಬೆಟ್ಟ ರಣಹದ್ದುಗಳ ಧಾಮ. ಅರಣ್ಯ ಇಲಾಖೆಯ ಜಾಗಕ್ಕೆ ಗಾಡಿ ನುಗ್ಗಿಸಿದರೆ ಕೇಸು ಬೀಳುತ್ತದೆ, ಬೀಳಲೂ ಬೇಕು. ನಿಮಗೆ ಉಳಿಯುವುದು ಖಾಸಗಿ ಜಮೀನು, ಪರಿಚಯದವರ ಕಾಫಿ ತೋಟದ ಅಂಚು, ಕೆಲಸ ನಿಂತ ಕಲ್ಲು ಕ್ವಾರಿ. ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಕ್ವಾರಿಯಾದರೆ ಕಡಿದ ಗೋಡೆಯ ಬುಡಕ್ಕೂ ನೀರು ತುಂಬಿದ ಗುಂಡಿಯ ಅಂಚಿಗೂ ಹೋಗಬೇಡಿ. ಒಣ ಗ್ರಾನೈಟ್ ಟೈರಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೇಲೆ ಅದೇ ಬಂಡೆ ಜಾರುಬಂಡೆ.

ಯಾವ ಜಿಪ್ಸಿ ತರಬೇಕು

ಜಿಪ್ಸಿ ಬಂದದ್ದು 1985ರ ಕೊನೆಗೆ. ಆಗ 970 ಸಿಸಿ ಎಂಜಿನ್, ನಾಲ್ಕು ಗೇರು. 1993ರಲ್ಲಿ ಚಕ್ರಗಳ ನಡುವಿನ ಅಗಲ 90 ಮಿಲಿಮೀಟರ್ ಹೆಚ್ಚಿತು. 1996ರಲ್ಲಿ 1.3 ಲೀಟರ್ ಎಂಜಿನ್, ಐದು ಗೇರಿನ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಅದಕ್ಕೆ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಸೇರಿತು.

ಸಿಕ್ಕರೆ ಎಂಪಿಎಫ್‌ಐ ಕಿಂಗ್ ತನ್ನಿ. ಶಕ್ತಿಗಾಗಿ ಅಲ್ಲ. ಕಾರ್ಬ್ಯುರೇಟರ್ ಗಾಡಿ ಕಡಿದಾದ ಬಂಡೆ ಮೇಲೆ ವಾಲಿ ನಿಂತಾಗ ಒಳಗಿನ ಪೆಟ್ರೋಲ್ ಒಂದು ಕಡೆ ಸರಿಯುತ್ತದೆ. ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ (ಫ್ಲೋಟ್) ತಪ್ಪು ಮಟ್ಟ ತೋರಿಸುತ್ತದೆ. ಎಂಜಿನ್ ಉಸಿರುಗಟ್ಟಿ ನಿಂತುಬಿಡುತ್ತದೆ, ಅದೂ ನಿಲ್ಲಬಾರದ ಜಾಗದಲ್ಲೇ. ಎಂಪಿಎಫ್‌ಐನಲ್ಲಿ ಈ ಕಾಟ ಇಲ್ಲ. ಬಜೆಟ್ ತೀರಾ ಕಮ್ಮಿ ಇದ್ದರೆ ಹಳೇ 970 ಸಿಸಿಯೂ ನಡೆಯುತ್ತದೆ, ಆದರೆ 1993ರ ನಂತರದ ಅಗಲ ಆಕ್ಸಲ್ ಇರುವುದನ್ನೇ ಆರಿಸಿ.

ಬಾಡಿ ತುಕ್ಕು ಹಿಡಿದಿದ್ದರೆ ಬೇಜಾರಿಲ್ಲ, ಅದನ್ನು ಹೇಗೂ ಕಿತ್ತು ಹಾಕುತ್ತೀರಿ. ಅದನ್ನೇ ತೋರಿಸಿ ಬೆಲೆ ಇಳಿಸಿ. ಚಾಸಿ ಮಾತ್ರ ಗಟ್ಟಿ ಇರಬೇಕು. ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಇರುವ ಜಾಗ, ಕ್ರಾಸ್ ಮೆಂಬರ್‌ಗಳ ಅಂದರೆ ಅಡ್ಡ ತೊಲೆಗಳ ಬೆಸುಗೆ, ಇವನ್ನು ಹತ್ತಿರದಿಂದ ನೋಡಿ. ಬಿಡಿ ಭಾಗಗಳಿಗೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇದೆ. ಎಲ್ಲಿಂದ ತಂದರೂ ಬಿಲ್ಲು, ಹಳೇ ಆರ್‌ಸಿಯ ಪ್ರತಿ ಇಲ್ಲದೆ ಎಂಜಿನ್ ಅಥವಾ ಚಾಸಿ ಕೊಳ್ಳಬೇಡಿ.

ಗಾಡಿಯ ಬೆಲೆ ಬಿಟ್ಟು ಉಳಿದ ಕೆಲಸಕ್ಕೆ 100 ರೂಪಾಯಿ ಇದೆ ಅಂದುಕೊಂಡರೆ ನಾನು ಹೀಗೆ ಹಂಚುತ್ತೇನೆ: ಪಂಜರ, ಸೀಟು, ಬೆಲ್ಟ್‌ಗೆ 30. ಟೈರು ರಿಮ್ಮಿಗೆ 25. ಗೇರಿಗೆ 25. ಕಮಾನು, ಸ್ಟಿಯರಿಂಗ್ ಸೇರಿ 10. ಬ್ರೇಕು, ಹಗ್ಗ, ಸಣ್ಣಪುಟ್ಟದ್ದಕ್ಕೆ 10. ಕೈ ಬಿಗಿ ಹಿಡಿಯಲೇಬೇಕಾದರೆ ಗೇರಿನ ಕೆಲಸ ಮುಂದಿನ ವರ್ಷಕ್ಕೆ ಹಾಕಿ. ಪಂಜರದ 30ರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಬಿಚ್ಚುವುದು, ಹಗುರ ಮಾಡುವುದು

ಪೂರ್ತಿ ಪೈಪ್ ಚಾಸಿ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ಬಗ್ಗಿಗೆ ಅದು ಬೇಡ. ಜಿಪ್ಸಿಯ ಏಣಿ ಚಾಸಿಯನ್ನೇ ಇಟ್ಟುಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಪೆಡಲ್ ಎಲ್ಲವೂ ಕಂಪನಿ ಇಟ್ಟ ಜಾಗದಲ್ಲೇ ಉಳಿಯುತ್ತವೆ. ಅಳತೆ ತಪ್ಪುವ ಭಯ ಇಲ್ಲ, ತಿಂಗಳುಗಟ್ಟಲೆ ಕೆಲಸ ಉಳಿಯುತ್ತದೆ. ಫೈರ್‌ವಾಲ್ (ಎಂಜಿನ್‌ಗೂ ಸೀಟಿಗೂ ನಡುವಿನ ತಗಡಿನ ಗೋಡೆ) ಮತ್ತು ಅದರ ಮುಂದಿನದ್ದನ್ನು ಉಳಿಸಿ ಹಿಂದಿನ ಬಾಡಿ ಕತ್ತರಿಸಿ ತೆಗೆಯಿರಿ. ಚಾಸಿಯ ಹಿಂದಿನ ಬಾಲವನ್ನು ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ಹಿಡಿಯುವ ಶ್ಯಾಕಲ್ ಕೂರುವ ಜಾಗದ ಹಿಂದಕ್ಕೆ ಕತ್ತರಿಸಿದರೆ ಇಳಿಯುವಾಗ ಬಾಲ ತಗಲುವುದಿಲ್ಲ. ಕತ್ತರಿಸಿದ ತುದಿಗೆ ಅಡ್ಡ ಪೈಪ್ ಬೆಸೆಯಲು ಮರೆಯಬೇಡಿ.

ಬಿಚ್ಚುವ ಮೊದಲು ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ, ಫೋಟೊ ತೆಗೆಯಿರಿ. ಎಂಪಿಎಫ್‌ಐ ಗಾಡಿಯಲ್ಲಿ ವೆಲ್ಡಿಂಗ್ ಶುರು ಮಾಡುವ ಮುಂಚೆ ಬ್ಯಾಟರಿ ತೆಗೆದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪ್ಲಗ್ ಕೂಡ ಕಳಚಿಡಿ. ಪೆಟ್ರೋಲ್ ಟ್ಯಾಂಕ್ ಗಾಡಿಯಲ್ಲೂ ಇರಬಾರದು, ಶೆಡ್ಡಿನಲ್ಲೂ ಇರಬಾರದು.

ಜಿಪ್ಸಿಯ ತೂಕ ಹತ್ತಿರ ಹತ್ತಿರ ಒಂದು ಟನ್. ಬಗ್ಗಿ ಅದಕ್ಕಿಂತ ಭಾರ ಆಗದ ಹಾಗೆ ನೋಡಿಕೊಳ್ಳಿ. ತೆಗೆದ ಬಾಡಿಯನ್ನು ಗುಜರಿಯಲ್ಲಿ ತೂಗಿಸಿ ಮಾರುತ್ತೀರಲ್ಲ, ಆ ಚೀಟಿ ಇಟ್ಟುಕೊಳ್ಳಿ. ಹಾಕುವ ಪೈಪಿನ ತೂಕ ಅದರ ಒಳಗಿರಬೇಕು. ತೂಕ ಕಮ್ಮಿ ಇದ್ದಷ್ಟೂ ಶಾಫ್ಟ್ ಮುರಿಯುವುದು ಕಮ್ಮಿ.

ಗೇರು: ದುಡ್ಡಿಗೆ ತಕ್ಕ ಫಲ ಇಲ್ಲೇ

ಮೊದಲ ಗೇರಿನ ಅನುಪಾತ, ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆಯ) ಲೋ ಅನುಪಾತ, ಆಕ್ಸಲ್ಲಿನ ಕ್ರೌನ್-ಪಿನಿಯನ್ (ಶಾಫ್ಟಿನ ತಿರುಗನ್ನು ಚಕ್ರಕ್ಕೆ ದಾಟಿಸುವ ಗೇರು ಜೋಡಿ) ಅನುಪಾತ, ಈ ಮೂರನ್ನೂ ಗುಣಿಸಿದರೆ ಗಾಡಿ ಎಷ್ಟು ನಿಧಾನ ತೆವಳುತ್ತದೆ ಅನ್ನೋದು ಗೊತ್ತಾಗುತ್ತದೆ. ಐದು ಗೇರಿನ ಜಿಪ್ಸಿಯಲ್ಲಿ ಮೊದಲ ಗೇರು 3.652. ಲೋ 2.268. ಆಕ್ಸಲ್ ಅನುಪಾತ ಮಾಡೆಲ್ ಮೇಲೆ ಬದಲಾಗುತ್ತದೆ, ಹಳೇ ಗಾಡಿಯಲ್ಲಿ ಯಾರು ಏನು ಹಾಕಿದ್ದಾರೋ ಹೇಳಲಾಗದು. ನೀವೇ ಅಳೆಯಿರಿ. ಗೇರ್ ನ್ಯೂಟ್ರಲ್‌ಗೆ ಹಾಕಿ, ಒಂದು ಹಿಂದಿನ ಚಕ್ರ ಮಾತ್ರ ಜ್ಯಾಕ್‌ನಲ್ಲಿ ಎತ್ತಿ, ಉಳಿದವಕ್ಕೆ ಕಲ್ಲು ಕೊಡಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ಆಕ್ಸಲ್ ಅನುಪಾತ.

3.9 ಬಂತು ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ ಸುಮಾರು 32. ಎಂಜಿನ್ 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿದ್ದಾಗ 31 ಇಂಚಿನ ಟೈರು ಗಂಟೆಗೆ 3.7 ಕಿಲೋಮೀಟರ್ ಓಡುತ್ತದೆ. ಕೇಳಲು ನಿಧಾನ ಅನಿಸಬಹುದು. ಮೊಣಕಾಲೆತ್ತರದ ಬಂಡೆಗೆ ಚಕ್ರ ಇಡುವಾಗ ಇದು ಬಹಳ ಜಾಸ್ತಿ. ಕ್ಲಚ್ ಒತ್ತಿ ಒತ್ತಿ ಹತ್ತಿಸಬೇಕಾಗುತ್ತದೆ. ಕ್ಲಚ್ ಸುಡುತ್ತದೆ, ಗಾಡಿ ಜಿಗಿಯುತ್ತದೆ, ಜಿಗಿದಾಗ ಶಾಫ್ಟ್ ಮುರಿಯುತ್ತದೆ.

ಸಮುರಾಯ್ ಟ್ರಾನ್ಸ್‌ಫರ್ ಕೇಸಿಗೆ ಅಂತ ತಯಾರಾಗುವ ಲೋ ಗೇರ್ ಸೆಟ್‌ಗಳಲ್ಲಿ 4.16 ಮತ್ತು 6.5 ಹೆಚ್ಚು ಬಳಕೆಯಲ್ಲಿವೆ. 4.16 ಹಾಕಿದರೆ ಅದೇ ಐಡ್ಲಿಂಗ್‌ನಲ್ಲಿ ವೇಗ 2 ಕಿಲೋಮೀಟರಿಗೆ ಇಳಿಯುತ್ತದೆ. 6.5 ಹಾಕಿದರೆ 1.3. ಹೊರದೇಶದಿಂದ ತರಿಸುವಾಗ ಸುಂಕ, ಸಾಗಣೆ ಸೇರುತ್ತದೆ. ಆದರೂ ಇಡೀ ಗಾಡಿಯಲ್ಲಿ ಹೊಸದಾಗಿ ಒಂದೇ ಒಂದು ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಆರ್ಡರ್ ಮಾಡುವ ಮೊದಲು ನಿಮ್ಮ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಿ ಗೇರುಗಳ ಹಲ್ಲು, ಶಾಫ್ಟಿನ ಅಳತೆ ತಾಳೆ ನೋಡಿ.

ಗುಜರಿ ದಾರಿಯೂ ಒಂದಿದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಇನ್ನೊಂದು ಹಳೇ ಟ್ರಾನ್ಸ್‌ಫರ್ ಕೇಸನ್ನು ಒಂದರ ಹಿಂದೆ ಒಂದರಂತೆ ಕೂರಿಸಬಹುದು. ಎರಡೂ ಲೋಗೆ ಹಾಕಿದರೆ 2.268 ಎರಡು ಸಲ ಗುಣಿಸಿ 5.14 ಆಗುತ್ತದೆ. ವಸ್ತು ಅಗ್ಗ, ಕೆಲಸ ಜಾಸ್ತಿ. ಹೊಸ ಮೌಂಟ್ ಮಾಡಬೇಕು, ಶಾಫ್ಟ್‌ಗಳನ್ನು ಲೇತ್‌ನಲ್ಲಿ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ನೋಡಿಸಬೇಕು, ಹಿಂದಿನ ಶಾಫ್ಟ್ ತೀರಾ ಕಡಿದಾಗದ ಹಾಗೆ ಜಾಗ ಹೊಂದಿಸಬೇಕು. ಒಳ್ಳೆ ಲೇತ್ ಕೆಲಸಗಾರ ಪರಿಚಯ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಡಿಫರೆನ್ಷಿಯಲ್ ಲಾಕ್

ಒಂದು ಚಕ್ರ ಗಾಳಿಯಲ್ಲಿ ನಿಂತರೆ ಸಾದಾ ಡಿಫರೆನ್ಷಿಯಲ್ ಆ ಚಕ್ರವನ್ನೇ ಸುಮ್ನೆ ತಿರುಗಿಸುತ್ತದೆ. ನೆಲದ ಮೇಲಿರುವುದು ಅಲುಗುವುದಿಲ್ಲ. ಇದಕ್ಕೆ ಅತಿ ಅಗ್ಗದ ಪರಿಹಾರ ಹಿಂದಿನ ಡಿಫರೆನ್ಷಿಯಲ್ಲಿನ ಒಳಗಿರುವ ಚಿಕ್ಕ ಸ್ಪೈಡರ್ ಗೇರುಗಳನ್ನು ಬೆಸೆದುಬಿಡುವುದು. ಆಗ ಎರಡು ಚಕ್ರವೂ ಒಟ್ಟಿಗೇ ತಿರುಗುತ್ತವೆ. ರಸ್ತೆಗೆ ಇಳಿಯದ ಗಾಡಿಗೆ ಇದು ಒಪ್ಪುತ್ತದೆ, ರಸ್ತೆ ಗಾಡಿಗೆ ಖಂಡಿತ ಬೇಡ.

ಬೆಸೆಯುವಾಗ ಅವಸರ ಸಲ್ಲದು. ಡಿಫರೆನ್ಷಿಯಲ್ಲನ್ನು ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಬೆಸೆಯಬೇಡಿ, ಕ್ಲೋರಿನ್ ಇರುವ ಸ್ಪ್ರೇ ಕಾದರೆ ಪ್ರಾಣ ತೆಗೆಯುವ ಅನಿಲ ಬರುತ್ತದೆ. ಗೇರಿನ ಉಕ್ಕು ಗಡಸು, ತಣ್ಣಗಿದ್ದಾಗ ಬೆಸೆದರೆ ಬಿರಿಯುತ್ತದೆ. ಮೊದಲು ಕಾಯಿಸಿ, 7018 ನಂಬರಿನ ವೆಲ್ಡಿಂಗ್ ರಾಡ್‌ನಿಂದ ಬೆಸೆದು, ಒಣ ಮರಳಿನಲ್ಲಿ ಹೂತು ನಿಧಾನಕ್ಕೆ ಆರಲು ಬಿಡಿ. ಬೇರಿಂಗ್‌ಗಳನ್ನು ಮೊದಲೇ ತೆಗೆದಿಟ್ಟಿರಬೇಕು. ಕಿಡಿಯ ಚೂರು ಒಂದೂ ಒಳಗೆ ಉಳಿಯಬಾರದು.

ಮುಂದಿನದ್ದನ್ನು ಸದ್ಯಕ್ಕೆ ಬೆಸೆಯಬೇಡಿ. ಜಿಪ್ಸಿಯಲ್ಲಿ ಪವರ್ ಸ್ಟಿಯರಿಂಗ್ ಇಲ್ಲ. ಮುಂದೆಯೂ ಲಾಕ್ ಆದರೆ ಸ್ಟಿಯರಿಂಗ್ ತಿರುಗಿಸುವುದೇ ಕುಸ್ತಿ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಚಕ್ರದ ಬಳಿಯ ಬರ್ಫೀಲ್ಡ್ ಜಾಯಿಂಟ್ ಈ ಆಕ್ಸಲ್ಲಿನ ದುರ್ಬಲ ಜಾಗ. ದೊಡ್ಡ ಟೈರು, ಪೂರ್ತಿ ತಿರುಗಿದ ಸ್ಟಿಯರಿಂಗ್, ಮೇಲೆ ಲಾಕ್, ಮೂರೂ ಸೇರಿದರೆ ಅದು ಒಡೆಯುತ್ತದೆ. ಗುಜರಿಯಲ್ಲಿ ಕಂಡಾಗಲೆಲ್ಲ ಒಂದೊಂದು ಜಾಯಿಂಟ್ ತಂದಿಟ್ಟುಕೊಳ್ಳಿ.

ಕಮಾನು ಮತ್ತು ಎತ್ತರ

ಜಿಪ್ಸಿಯಲ್ಲಿ ಕಮಾನು ಪಟ್ಟಿ ಆಕ್ಸಲ್ಲಿನ ಕೆಳಗೆ ಇರುತ್ತದೆ. ಅದನ್ನು ಆಕ್ಸಲ್ ಮೇಲಕ್ಕೆ ತಂದರೆ ಗಾಡಿ 4ರಿಂದ 5 ಇಂಚು ಏಳುತ್ತದೆ, ಹೊಸ ಸ್ಪ್ರಿಂಗ್ ಕೊಳ್ಳುವುದೂ ಬೇಡ. ಬೇಕಾಗುವುದು ಆಕ್ಸಲ್ ಹೌಸಿಂಗ್ ಮೇಲೆ ಬೆಸೆಯುವ ಹೊಸ ಕೂರುಪಟ್ಟಿಗಳು, ಹೊಸ ಯು-ಬೋಲ್ಟ್‌ಗಳು, ಉದ್ದದ ಬ್ರೇಕ್ ಹೋಸ್, ಉದ್ದದ ಶಾಕ್ ಅಬ್ಸಾರ್ಬರ್.

ಕೂರುಪಟ್ಟಿ ಬೆಸೆಯುವ ಮುಂಚೆ ಗಾಡಿಯನ್ನು ಅದರ ಚಕ್ರಗಳ ಮೇಲೆ ಪೂರ್ತಿ ತೂಕದೊಂದಿಗೆ ನಿಲ್ಲಿಸಿ. ಹಿಂದಿನ ಆಕ್ಸಲ್ಲಿನ ಪಿನಿಯನ್ ಮುಖ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್‌ಗೆ ಸಮಾನಾಂತರ ಇರಬೇಕು. ಮುಂದಿನ ಆಕ್ಸಲ್ಲಿನಲ್ಲಿ ಪಿನಿಯನ್‌ಗಿಂತ ಕ್ಯಾಸ್ಟರ್ ಕೋನ (ಚಕ್ರ ಎಡಬಲ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಮುಖ್ಯ, ಅದನ್ನು ಹಾಳು ಮಾಡಿದರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎರಡೂ ಸರಿ ಬಂದ ಮೇಲೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿ, ಮತ್ತೆ ಅಳೆದು, ಆಮೇಲೆ ಬೆಸೆಯಿರಿ. ಒಂದೇ ಬಾರಿಗೆ ಉದ್ದ ಎಳೆದರೆ ಹೌಸಿಂಗ್ ಸೊಟ್ಟಗಾಗುತ್ತದೆ. ಒಂದಿಂಚು ಈ ಕಡೆ, ಒಂದಿಂಚು ಆ ಕಡೆ, ನಡುವೆ ಆರಲು ಬಿಡಿ.

ಎತ್ತರ ಆದ ಮೇಲೆ ಸ್ಟಿಯರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಬರುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಕಡಿದಾಗುತ್ತದೆ. ಚಕ್ರ ಮೇಲೆ ಕೆಳಗೆ ಆದಂತೆಲ್ಲ ಸ್ಟಿಯರಿಂಗ್ ತಾನೇ ಎಳೆಯುತ್ತದೆ. ಲಿಂಕನ್ನು ಝಡ್ ಆಕಾರಕ್ಕೆ ಬಗ್ಗಿಸುವುದು ಅಗ್ಗದ ಉಪಾಯ. ನನಗೆ ಅದು ಒಪ್ಪಿಗೆ ಇಲ್ಲ, ಬಗ್ಗಿಸಿದ ಲಿಂಕ್ ಬಂಡೆಗೆ ತಗಲಿದಾಗ ಇನ್ನಷ್ಟು ಬಗ್ಗುತ್ತದೆ. ಚಕ್ರದ ಕಡೆಯ ತೋಳನ್ನು ಎತ್ತರಿಸಿ, ದಪ್ಪ ಗೋಡೆಯ ಪೈಪಿಗೆ ಲೇತ್‌ನಲ್ಲಿ ಥ್ರೆಡ್ ಹಾಕಿಸಿ ನೇರ ಲಿಂಕ್ ಮಾಡಿಸಿ.

ಬಾಡಿ ಹೋದ ಮೇಲೆ ಕಮಾನು ಗಡುಸಾಗಿ ಅನಿಸುತ್ತದೆ. ಒಂದೆರಡು ಪಟ್ಟಿ ತೆಗೆದು ನೋಡಿ. ತೀರಾ ಮೆತ್ತಗೆ ಮಾಡಿದರೆ ಲೋ ಗೇರಿನ ತಿರುಚು ಬಲಕ್ಕೆ ಪಟ್ಟಿ ಎಸ್ ಆಕಾರಕ್ಕೆ ಸುತ್ತಿಕೊಂಡು ಹಿಂದಿನ ಶಾಫ್ಟ್ ಕಿತ್ತುಬರಬಹುದು. ಹಾಗಾದರೆ ಆಕ್ಸಲ್‌ನಿಂದ ಚಾಸಿಗೆ ಈ ತಿರುಚನ್ನು ತಡೆಯುವ ಒಂದು ಸರಳು (ಟ್ರ್ಯಾಕ್ಷನ್ ಬಾರ್) ಕೊಡಿ.

5 ಇಂಚಿನ ಮೇಲೆ ಇನ್ನೂ ಎತ್ತರಿಸುವ ಆಸೆ ಬೇಡ. ಲೆಕ್ಕ ನೋಡಿ: ಚಕ್ರಗಳ ನಡುವೆ 1400 ಮಿಲಿಮೀಟರ್ ಅಗಲ, ಗಾಡಿಯ ತೂಕದ ನಡುಬಿಂದು ನೆಲದಿಂದ 700 ಮಿಲಿಮೀಟರ್ ಇದ್ದರೆ, ನಿಂತಲ್ಲೇ 45 ಡಿಗ್ರಿ ವಾಲುವವರೆಗೆ ಗಾಡಿ ಮಗುಚುವುದಿಲ್ಲ. ಅದೇ ಬಿಂದು 800ಕ್ಕೆ ಏರಿದರೆ 41 ಡಿಗ್ರಿಗೇ ಮಗುಚುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಕಮಾನು ಒಂದು ಬದಿ ಕುಗ್ಗುವುದರಿಂದ ನಿಜದಲ್ಲಿ ಇದಕ್ಕಿಂತ ಬೇಗ ಮಗುಚುತ್ತದೆ. ಬ್ಯಾಟರಿ, ಸ್ಟೆಪ್ನಿ, ಟೂಲ್ಸ್ ಎಲ್ಲವನ್ನೂ ಆದಷ್ಟು ಕೆಳಗೆ ಕೂರಿಸಿ.

ಪಂಜರ

ನೀರಿನ ಜಿಐ ಪೈಪಿನಲ್ಲಿ ಪಂಜರ ಮಾಡಿದವರನ್ನು ನೋಡಿರುತ್ತೀರಿ. ದಯವಿಟ್ಟು ಮಾಡಬೇಡಿ. ಅದು ನೀರು ಹರಿಸಲು ಮಾಡಿದ ಪೈಪು, ಹೊಡೆತ ತಿನ್ನಲು ಅಲ್ಲ. ಬೆಸೆಯುವಾಗ ಸತುವಿನ ಹೊಗೆ ಎದೆಗೆ ಹೋಗುತ್ತದೆ, ಬೆಸುಗೆಯೂ ಸರಿಯಾಗಿ ಕೂರುವುದಿಲ್ಲ.

ರ‍್ಯಾಲಿ ಗಾಡಿಗಳಿಗೆ ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ಹೇಳುವ ಅಳತೆಯನ್ನೇ ಹಿಡಿಯಿರಿ. ಸೀಟಿನ ಹಿಂದೆ ಬಗ್ಗಿಸಿ ನಿಲ್ಲಿಸುವ ಮುಖ್ಯ ಪೈಪಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ಗೋಡೆ. ಉಳಿದ ಭಾಗಕ್ಕೆ 38 ವ್ಯಾಸ, 2.5 ಗೋಡೆ, ಅಥವಾ 40 ವ್ಯಾಸ, 2 ಗೋಡೆ. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪ್ ಅಂತ ಕೇಳಿ, ಟೆಸ್ಟ್ ಸರ್ಟಿಫಿಕೇಟ್ ಸಮೇತ ತೆಗೆದುಕೊಳ್ಳಿ. 45ರ ಪೈಪು ಮೀಟರಿಗೆ ಸುಮಾರು 2.6 ಕಿಲೋ, 40ರದ್ದು ಸುಮಾರು 1.9 ಕಿಲೋ ತೂಗುತ್ತದೆ. ಇದರಿಂದ ಒಟ್ಟು ತೂಕವನ್ನು ಮೊದಲೇ ಲೆಕ್ಕ ಹಾಕಬಹುದು.

ಪೈಪ್ ಕೊಳ್ಳುವ ಮೊದಲು ಪಿವಿಸಿ ಪೈಪಿನಲ್ಲಿ ಇಡೀ ಪಂಜರದ ಮಾದರಿ ಕಟ್ಟಿ. ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತು ನೋಡಿ. ತಲೆಗೂ ಪೈಪಿಗೂ ನಡುವೆ ಎಲ್ಲ ಕಡೆ ಕನಿಷ್ಠ 3 ಇಂಚು ಜಾಗ ಇರಲಿ. ಬಗ್ಗಿಸಲು ಡೈ ಇರುವ ಹೈಡ್ರಾಲಿಕ್ ಬೆಂಡರ್ ಇರುವ ವರ್ಕ್‌ಶಾಪಿಗೆ ಹೋಗಿ. ಸೈಲೆನ್ಸರ್ ಪೈಪ್ ಬಗ್ಗಿಸುವ ಮೆಷಿನ್‌ನಲ್ಲಿ ಒಳಬದಿ ಸುಕ್ಕುಗಟ್ಟುತ್ತದೆ. ಸುಕ್ಕು ಬಂದ ಪೈಪನ್ನು ಬೇರೆ ಕೆಲಸಕ್ಕೆ ಇಡಿ.

ಚೌಕ ಅದುಮಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಹಾಗಾಗಿ ಸೀಟಿನ ಹಿಂದಿನ ಮುಖ್ಯ ಪೈಪಿನಲ್ಲಿ, ತಲೆ ಮೇಲೆ, ಎರಡು ಬದಿಯಲ್ಲಿ ಓರೆ ಪೈಪ್ ಬೇಕು. ಪೈಪುಗಳು ಇನ್ನೊಂದು ಪೈಪಿನ ನಡುವೆ ಬಂದು ಸೇರುವುದಕ್ಕಿಂತ ಮೂಲೆಯಲ್ಲಿ ಸೇರಲಿ. ಪಂಜರದ ಕಾಲುಗಳು ತಗಡಿನ ಮೇಲಲ್ಲ, ಚಾಸಿಯಿಂದ ಹೊರಟ ಗಟ್ಟಿ ತೋಳುಗಳ ಮೇಲೆ ನಿಲ್ಲಬೇಕು. ಸೀಟು ಮತ್ತು ಬೆಲ್ಟ್ ಕೂಡ ಅದೇ ಪಂಜರಕ್ಕೆ ಸೇರಬೇಕು. ಪಂಜರ ಒಂದು ಕಡೆ, ಸೀಟು ಇನ್ನೊಂದು ಕಡೆ ಸರಿದರೆ ಮಧ್ಯೆ ಸಿಗುವುದು ಮನುಷ್ಯ. ಬೆಲ್ಟ್ ನಾಲ್ಕು ಪಾಯಿಂಟಿನದು ಇರಲಿ. ಭುಜದ ಪಟ್ಟಿ ಹಿಂದಕ್ಕೆ ಸ್ವಲ್ಪವೇ ಇಳಿಜಾರಾಗಿ ಹೋಗಬೇಕು, 45 ಡಿಗ್ರಿ ಯಾವತ್ತೂ ದಾಟಬಾರದು.

ನಿಮಗೆ ಬೆಸುಗೆ ಬಂದರೂ ಪಂಜರದ ಕೊನೆಯ ಬೆಸುಗೆಯನ್ನು ಪಳಗಿದವರಿಂದ ಮಾಡಿಸಿ. ಕತ್ತರಿಸುವುದು, ಪೈಪಿನ ತುದಿ ಮೀನಿನ ಬಾಯಿಯಂತೆ ಕೊರೆಯುವುದು, ಟ್ಯಾಕ್ ಹಾಕುವುದು ನಿಮ್ಮದೇ ಇರಲಿ, ಕೂಲಿ ಅಲ್ಲೇ ಉಳಿಯುತ್ತದೆ. ಅದೇ ಪೈಪಿನ ಎರಡು ತುಂಡು ಬೆಸೆಸಿ, ಸುತ್ತಿಗೆಯಿಂದ ಬಡಿದು ಬಗ್ಗಿಸಿ ನೋಡಿ. ಪೈಪ್ ಬಗ್ಗಬೇಕು, ಬೆಸುಗೆ ಬಿಡಬಾರದು.

ಉಳಿದದ್ದು ಬೇಗ ಬೇಗ

ಪೆಟ್ರೋಲಿಗೆ ಚಿಕ್ಕ ಲೋಹದ ಟ್ಯಾಂಕ್ ಸಾಕು. ಸೀಟಿನ ಹಿಂದೆ, ಪಂಜರದ ಒಳಗೆ, ನಡುವೆ ತಗಡಿನ ಗೋಡೆ ಇರಲಿ. ಗಾಡಿ ಮಗುಚಿದಾಗ ಸೋರದ ರೋಲ್‌ಓವರ್ ವಾಲ್ವ್ ಕಡ್ಡಾಯ. ಕೈಗೆ ಸಿಗುವ ಹಾಗೆ ಒಂದು ಬೆಂಕಿ ಆರಿಸುವ ಸಿಲಿಂಡರ್, ಹೊರಗಿನಿಂದಲೂ ಎಟುಕುವ ಬ್ಯಾಟರಿ ಕಟ್‌ಆಫ್ ಸ್ವಿಚ್ ಇರಲಿ. ಆಕ್ಸಲ್ ಮತ್ತು ಗೇರ್‌ಬಾಕ್ಸಿನ ಗಾಳಿ ಕೊಳವೆಗಳನ್ನು ಮೇಲಕ್ಕೆ ಎಳೆದು ಕಟ್ಟಿ. ಬ್ರೇಕ್ ಪೈಪ್, ಸಿಲಿಂಡರ್ ರಬ್ಬರ್ ಎಲ್ಲ ಹೊಸದು ಹಾಕಿ.

ಟೈರು 31 ಇಂಚು ಸಾಕು. ಅದಕ್ಕಿಂತ ದೊಡ್ಡದು ಈ ಆಕ್ಸಲ್ಲಿಗೆ ಭಾರ. ಬಂಡೆಗೆ ಮೆತ್ತನೆ ರಬ್ಬರಿನ ಟೈರು ಬೇಕು, ಆಳದ ಕಚ್ಚು ಇದ್ದರೆ ಮಾತ್ರ ಸಾಲದು. ಹಳೇ ಟೈರ್ ಕೊಳ್ಳುವುದಾದರೆ ಬದಿಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಗಟ್ಟಿಯಾದ ರಬ್ಬರು ಕಲ್ಲಿನ ಮೇಲೆ ಜಾರುತ್ತದೆ. ಸಾದಾ ರಿಮ್ಮಿನಲ್ಲಿ ಗಾಳಿಯನ್ನು 12 ಪಿಎಸ್‌ಐವರೆಗೆ ಇಳಿಸಬಹುದು. ಅದಕ್ಕೂ ಕೆಳಗೆ ಹೋದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು.

ಮೊದಲ ಓಟ

ಬಂಡೆಗೆ ಹೋಗುವ ಮೊದಲು ಗಾಡಿಯನ್ನು ನಿಂತಲ್ಲೇ ಪರೀಕ್ಷಿಸಿ. ಎಡ ಮುಂದಿನ ಚಕ್ರ ಮತ್ತು ಬಲ ಹಿಂದಿನ ಚಕ್ರವನ್ನು ಒಟ್ಟಿಗೆ ಎತ್ತಿ ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್ ಎಳೆಯುತ್ತಿದೆಯಾ, ಟೈರು ಎಲ್ಲಾದರೂ ಉಜ್ಜುತ್ತಿದೆಯಾ, ಶಾಫ್ಟಿನ ಜಾರು ಕೀಲಿನ ಹಲ್ಲು (ಸ್ಪ್ಲೈನ್) ಕಳಚುವಷ್ಟು ಹೊರಗೆ ಬಂದಿದೆಯಾ ನೋಡಿ. ಆಮೇಲೆ ಇನ್ನೊಂದು ಕರ್ಣಕ್ಕೂ ಹೀಗೇ ಮಾಡಿ.

ಮೊದಲ ದಿನ ಸೊಂಟದೆತ್ತರದ ಬಂಡೆ ಬೇಡ. ಒಬ್ಬರೇ ಹೋಗಲೂ ಬೇಡಿ. ಹೊರಗೆ ನಿಂತು ದಾರಿ ತೋರಿಸಲು ಒಬ್ಬರು, ಎಳೆಯಲು ಇನ್ನೊಂದು ಗಾಡಿ, ಒಳ್ಳೆ ಹಗ್ಗ, ಡಿ-ಶ್ಯಾಕಲ್ ಇರಲಿ. ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಬೆಲ್ಟ್, ಹೆಲ್ಮೆಟ್ ಹಾಕಿರಿ. ಗಾಡಿ ವಾಲಿದಾಗ ಪೈಪನ್ನು ಹೊರಗಿನಿಂದ ಹಿಡಿಯುವುದು ಎಲ್ಲರಿಗೂ ಬರುವ ಸಹಜ ಚಾಳಿ, ಬೆರಳು ಹೋಗುವುದೇ ಹಾಗೆ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ಜೊತೆಗೆ ಕೂತವರಿಗೆ ಪಂಜರದ ಒಳಗೆ ಒಂದು ಹಿಡಿ ಬೆಸೆದುಕೊಡಿ.

ಗಂಟೆ ಹೊತ್ತು ಓಡಿಸಿದ ಮೇಲೆ ನಿಲ್ಲಿಸಿ ಎಲ್ಲ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಮಾಡಿ, ಹೊಸದಾಗಿ ಕೂತ ಪಟ್ಟಿಗಳು ಸಡಿಲಾಗಿಯೇ ಇರುತ್ತವೆ. ಮನೆಗೆ ಬಂದು ಗಾಡಿ ತೊಳೆದು, ಕೂರುಪಟ್ಟಿ ಮತ್ತು ಪಂಜರದ ಕಾಲುಗಳ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಇದೆಯಾ ಟಾರ್ಚ್ ಹಾಕಿ ಹುಡುಕಿ. ಹಿಂದಿನ ಡಿಫರೆನ್ಷಿಯಲ್ ಆಯಿಲನ್ನು ಶುಭ್ರ ಪಾತ್ರೆಗೆ ಇಳಿಸಿ ಅಯಸ್ಕಾಂತ ಆಡಿಸಿ. ನುಣ್ಣನೆ ಬೂದು ಪುಡಿ ಬಂದರೆ ಸರಿ, ಹೊಸ ಆಯಿಲ್ ಹಾಕಿ ಮುಚ್ಚಿ. ಚೂರು ಬಂದರೆ ಬೆಸುಗೆ ಬಿಡುತ್ತಿದೆ ಅಂತ ಅರ್ಥ, ಮುಂದಿನ ಓಟಕ್ಕೆ ಮೊದಲು ಅದನ್ನು ಬಿಚ್ಚಿ ನೋಡಲೇಬೇಕು.